ಚಾಚಿಯಿಂದ ಕದ್ದ ಮಾತು

ಚಾಚಿಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಎಂದೋ ಹೊಲಿಗೆ ಯಂತ್ರದ ಸೂಜಿ ಅದರೊಳಗೆ ಇಳಿದಿತ್ತಂತೆ. ಆ ಕೈಯಿಂದ ಅವಳು ಜಡೆ ಹಾಕಿದರೆ ನನ್ನ ಮಗಳು ಮಿಸುಕುತ್ತಿರಲಿಲ್ಲ. ನಾನು ಬಾಚಣಿಗೆ ಹಿಡಿದರೆ ಓಡುತ್ತಿದ್ದಳು.

ಎಂಬತ್ತರ ದಶಕ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೂ, ಓಣಿಯವರೆಲ್ಲ ಚಾಚಿ ಎಂದು ಕರೆಯುತ್ತಿದ್ದ ಆ ಮುಸ್ಲಿಂ ಹೆಂಗಸಿನದೂ ಒಂದೇ ಗೋಡೆಯ ಮನೆಗಳು. ನನ್ನ ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಪಾಠ ಹೇಳಲು ಶಾಲೆಗೆ ಹೊರಟರೆ ಐದು ವರ್ಷದ ಮಗಳು ಚಾಚಿಯ ಹತ್ತಿರ. ಸಂಜೆ ಕರೆದರೆ, "ನಾ ಇಲ್ಲೇ ಇರ್ತೀನಿ, ನೀ ಹೋಗು" ಎನ್ನುತ್ತಿದ್ದಳು. ಚಾಚಿ ನಗುತ್ತಿದ್ದಳು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷವೇ ಮಗಳ ಬಲಗೈ ಇದ್ದಕ್ಕಿದ್ದಂತೆ ಜೋತುಬೀಳತೊಡಗಿತು. ಹತ್ತು ನಿಮಿಷಕ್ಕೆ ಸರಿಹೋಗುತ್ತಿತ್ತು. ಒಮ್ಮೆ ಮಾತೂ ನಿಂತಿತು. ತೋರಿಸಿದ ವೈದ್ಯರು ಫಿಟ್ಸ್ ಇರಬಹುದೆಂದು ಮಾತ್ರೆ ಕೊಟ್ಟರು. ರಾರಾವಿಯಿಂದ ಬಂದ ಅತ್ತೆ ದೃಷ್ಟಿ ತೆಗೆದರು. ಯಾವುದೂ ನಾಟಲಿಲ್ಲ. ಕೊನೆಗೆ ಮದ್ರಾಸಿನ ದೊಡ್ಡಾಸ್ಪತ್ರೆಗೆ ಹೊರಟೆವು. ಮಗಳು ತನ್ನ ಸೆರಗು ಬಿಡಲಿಲ್ಲವೆಂದು ಚಾಚಿಯೂ ಬಂದಳು.

ಅಲ್ಲಿನ ವೈದ್ಯರು ನನ್ನನ್ನು ತೆಲುಗಿನಲ್ಲಿ ಕೇಳಿದರು: ಕೈ ಬೀಳುವ ಮುಂಚೆ ಮಗು ಏನು ಮಾಡುತ್ತಿರುತ್ತದೆ? ನಾನು ಕಂಡದ್ದು ಬಿದ್ದ ಕೈಯನ್ನು ಮಾತ್ರ.

ತೆಲುಗು ತಿಳಿಯುತ್ತಿದ್ದರೂ ಆಡಲು ಬಾರದ ಚಾಚಿ ಹಿಂದಿನಿಂದ ಅಂದಳು: "ಸಾಹೇಬ್ರ, ಬಿಸಿ ಚಹಾ ಊದಿದ್ರ ಬೀಳ್ತೈತಿ. ಬಿಕ್ಕಿ ಬಿಕ್ಕಿ ಅತ್ರೂ ಬೀಳ್ತೈತಿ. ಸುಮ್ಕ ಕುಂತಾಗ ಏನೂ ಆಗಂಗಿಲ್ಲ. ಮೂರು ತಿಂಗ್ಳಿಂದ ನೋಡಾಕತ್ತೀನಿ."

ಅದನ್ನು ತೆಲುಗಿಗೆ ತಿರುಗಿಸಿ ಹೇಳಬೇಕಾದವಳು ನಾನೇ. ವೈದ್ಯರು ಪೆನ್ನು ಕೆಳಗಿಟ್ಟರು. "ಈ ತಾಯಿ ಸರಿಯಾಗಿ ನೋಡಿದ್ದಾರೆ" ಎಂದು ಚಾಚಿಯತ್ತ ಕೈ ತೋರಿಸಿದರು. ಹೆತ್ತವಳು ನಾನೆಂದು ಕೂಗಬೇಕೆನಿಸಿತು.

ತೊಡೆಯ ರಕ್ತನಾಳದಿಂದ ಔಷಧಿ ಹರಿಸಿ, ಮಿದುಳಿಗೆ ರಕ್ತ ಹೋಗುವ ದಾರಿಯ ಚಿತ್ರ ತೆಗೆದರು. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು: ದೊಡ್ಡ ನಾಳಗಳು ಸಪೂರವಾಗಿ ಮುಚ್ಚುತ್ತಿದ್ದವು, ಅವುಗಳ ಬಳಿ ಕೂದಲೆಳೆಯಂಥ ನಾಳಗಳು ಹೊಗೆಯ ಹಾಗೆ ಹಬ್ಬಿದ್ದವು. ಬಲು ಅಪರೂಪದ ಕಾಯಿಲೆ, ಜೋರಾಗಿ ಉಸಿರಾಡಿದರೆ ಮಿದುಳಿಗೆ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ ಎಂದರು. ಅಲ್ಲೇ ತಲೆಗೆ ಶಸ್ತ್ರಚಿಕಿತ್ಸೆಯಾಯಿತು. ಬೆರಳುಗಳಲ್ಲಿ ಒಂದಿಷ್ಟು ಬಿಗುವು ಉಳಿಯಿತು. ಮಗಳು ಬದುಕಿದಳು.

ಊರಿಗೆ ಬಂದಾಗ ಮನೆ ತುಂಬ ನೆಂಟರು. "ಕಾಯಿಲೆ ಹೆಂಗ ತಿಳೀತವ್ವಾ?" ಎಂದು ಅತ್ತೆ ಕೇಳಿದರು. ಚಾಚಿ ಬಾಗಿಲಲ್ಲೇ ನಿಂತಿದ್ದಳು.

"ನಾನೇ ನೋಡಿದ್ದೆ. ಚಹಾ ಊದಿದ್ರ ಕೈ ಬೀಳ್ತಿತ್ತು," ಎಂದೆ.

"ಹೌದೇನ?" ಎಂದು ಅತ್ತೆ ಚಾಚಿಯ ಕಡೆ ತಿರುಗಿದರು.

ಚಾಚಿ ನನ್ನ ಮುಖ ನೋಡಿದಳು. "ಹೌದ್ರಿ. ಟೀಚರಮ್ಮಾರೇ ಹೇಳಿದ್ರು."

ಆಮೇಲೂ ಅವಳು ಮೊದಲಿನಂತೆಯೇ ಇದ್ದಳು. ನಾನೇ ಮುಖ ತಪ್ಪಿಸಿದೆ. ಮಗಳನ್ನು ನನ್ನ ಶಾಲೆಗೇ ಸೇರಿಸಿ ಜೊತೆಗೆ ಕರೆದೊಯ್ಯತೊಡಗಿದೆ. ಚಾಚಿ ಜ್ವರದಲ್ಲಿ ತೀರಿಕೊಂಡಾಗ ಮಗಳಿಗೆ ಒಂಬತ್ತು. ಮಣ್ಣು ಮಾಡಿದ ಮರುದಿನ, ತಡೆಯಲಾರದೆ, ಅವಳಿಗೆ ನಿಜ ಹೇಳಿಬಿಟ್ಟೆ.

"ನಂಗ ಗೊತ್ತೈತಿ," ಎಂದಳು ಮಗಳು. "ನಾನೂ ಮದ್ರಾಸಿನಾಗ ಇದ್ನಲ್ಲ. ಊರಿಗೆ ಬಂದ ದಿನಾನ ಅಜ್ಜಿಗೆ ಹೇಳಾಕ ಹೊಂಟಿದ್ದೆ. ಚಾಚಿ ನನ್ನ ಬಾಯಿ ಮುಚ್ಚಿದ್ಲು. 'ನಾಲ್ಕು ಮಂದಿ ಮುಂದ ನಿಮ್ಮವ್ವನ ತಲಿ ತಗ್ಗಬಾರ್ದು' ಅಂದ್ಲು."

ನಾಲ್ಕು ವರ್ಷ ಅವರಿಬ್ಬರೂ ನನ್ನ ಮಾನ ಕಾದಿದ್ದರು. ಅದನ್ನು ಕೇಳಿದಾಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅಳು ಆಮೇಲೆ ಬಂತು.