ಬೇಲಿಯೆ ತಾಪಚ್ಕಿ

ಬಾಜು ಮನೆಯ ಕಾಕುವಿಗೆ ಗಾಳಿ ಬಡಿದಿತ್ತು, ಬೇಲಿಯಲ್ಲಿದ್ದ ಹಾವು ಅವರ ಬಾಯಿಂದ ಮಾತಾಡುತ್ತಿತ್ತು ಎಂದೇ ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾವಿಗೆ ಮಾತು ಬರುತ್ತದೆ ಎಂದೇ ಇಟ್ಟುಕೊಳ್ಳೋಣ. ಅಥಣಿಯ ಕಳ್ಳಿ ಬೇಲಿಯಲ್ಲಿ ಹುಟ್ಟಿದ ಹಾವು ರಷ್ಯನ್ ಯಾಕೆ ಆಡಬೇಕು?

ಮೊನ್ನೆ ಶಿರಗುಪ್ಪಿ ಹಾದಿಯಲ್ಲಿ ಕಬ್ಬಿನ ಗಾಡಿಯೊಂದು ಬೇಲಿಗೆ ಸವರಿಕೊಂಡು ಹೋಯಿತು. ಮುರಿದ ಕಳ್ಳಿಯ ಹಾಲು ಸಿಡಿದು ನನ್ನ ಚಪ್ಪಲಿಯ ಮೇಲೆ ಬಿತ್ತು. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ... ಹೊಸ್ತಿಲ ಬಳಿ ಕೂತು, ತೊಡೆಯ ಮೇಲೆ ತೊಗಲಿನ ಪಟ್ಟಿ ಇಟ್ಟುಕೊಂಡು ಹೆಣೆಯುತ್ತಿದ್ದ ಕಾಕು ಕಣ್ಣೆದುರು ಬಂದರು.

ಅವರ ಗಂಡ, ನಮ್ಮ ಕಾಕಾ, ಚಪ್ಪಲಿ ಹೊಲಿಯುವವರು. ಎಂಬತ್ತರ ದಶಕದ ಕೊನೆಯಲ್ಲಿ ಯಾವುದೋ ಪ್ರದರ್ಶನಕ್ಕೆಂದು ಅವರನ್ನೂ ನಿಪ್ಪಾಣಿಯ ಇನ್ನೊಬ್ಬರನ್ನೂ ರಷ್ಯಾಕ್ಕೆ ಕರೆದೊಯ್ದಿದ್ದರು. ಜನರೆದುರು ಕೂತು ಚಪ್ಪಲಿ ಹೊಲಿದು ತೋರಿಸುವುದು, ಅಷ್ಟೇ ಕೆಲಸ. ಮರಳಿ ಬಂದಾಗ ಬಾಯಲ್ಲಿ ಒಂದಿಷ್ಟು ರಷ್ಯನ್ ಇತ್ತು, ಆದರೆ ಅದೆಲ್ಲ ಕಾಲಿನದೇ. ನೀರು ಕೇಳಲು ಬಾರದು, ಬೂಟಿನ ಹೆಸರು ಮಾತ್ರ ಪಟಪಟ. ತೂಫ್ಲಿ ಅಂದರೆ ಸಾದಾ ಬೂಟು. ವಾಲಿಂಕಿ ಅಂದರೆ ಉಣ್ಣೆಯದು. ಸಾಪಗಿ ಅಂದರೆ ಮೊಣಕಾಲಿನವರೆಗೂ ಏರುವಂಥದು.

"ತಾಪಚ್ಕಿ ಅಂದ್ರ ಮನಿಯೊಳಗ ಹಾಕ್ಕೊಳ್ಳೂ ಚಪ್ಪಲ್," ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೇಳಿದರು. "ಬಂದವರಿಗೆ ನಾವು ನೀರ ಕೊಡ್ತೀವಲ್ಲ, ಹಂಗ ಅವರು ತಾಪಚ್ಕಿ ಕೊಡ್ತಾರ."

"ಅಯ್ಯ, ಒಳಗೂ ಚಪ್ಪಲ್ಲಾ? ದೇವರ ಜಗಲಿ ಮುಂದ?" ನಮ್ಮವ್ವ ಮೂಗು ಮುರಿದಳು.

"ಅಲ್ಲಿ ದೇವರಿಗೂ ಥಂಡಿ ಆಗತೈತಿ, ವೈನಿ!"

ಕಾಕು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಆ ನಿಪ್ಪಾಣಿಯವರ ಜೊತೆಗೇ ಎರಡನೇ ಸಲ ಕಾಕಾ ರಷ್ಯಾಕ್ಕೆ ಹೊರಟಾಗ ಮಾತ್ರ ನಗಲಿಲ್ಲ. ತೆಳುವಾದ ತೊಗಲು ತಂದು, ಗಂಡನ ಅಳತೆಗೆ ಒಂದು ಜೋಡು ತಾವೇ ಮಾಡಿಟ್ಟರು. "ತಿರಿಗಿ ಬಂದ್ರ ನಾನೂ ಬಾಗಲಾಗ ತಾಪಚ್ಕಿ ಕೊಡ್ತೀನಿ. ಲಗೂನ ಬರ್ರಿ," ಎಂದರು.

ಚಳಿಗಾಲ ಬಂತು. ಕಾಕಾನ ಸುದ್ದಿ ನಿಂತಿತು. ಕಾಕು ಆ ಜೋಡಿಗೆ ಆಗಾಗ ಎಣ್ಣೆ ಹಚ್ಚಿ ಬಿಸಿಲಿಗಿಡುತ್ತಿದ್ದರು. ಹೆಣೆಯುತ್ತ ಹೆಣೆಯುತ್ತ ಗಂಡ ಕಲಿಸಿದ ಹೆಸರುಗಳನ್ನು ಜಪದ ಹಾಗೆ ಹೇಳಿಕೊಳ್ಳುತ್ತಿದ್ದರು. ತೂಫ್ಲಿ, ವಾಲಿಂಕಿ, ಸಾಪಗಿ... ಒಂದು ಮಧ್ಯಾಹ್ನ ಆ ಸಾಲಿನಲ್ಲಿ ಹೊಸದೊಂದು ಸೇರಿತು. ಬೇಲಿಯೆ ತಾಪಚ್ಕಿ. ದನಿ ಅವರದೇ, ಆದರೆ ಉಸಿರಾಡಲು ಕಷ್ಟಪಡುತ್ತಿರುವವರ ಮಾತಿನಂತಿತ್ತು.

ಕಾಕುವಿನ ಅತ್ತೆ, ನಮಗೆಲ್ಲ ಅಜ್ಜಿ, ಅವರ ಕಿವಿಗೆ ಬಿದ್ದದ್ದು ಎರಡೇ: 'ಬೇಲಿ', 'ಸಾಪ'. ಮರಾಠಿಯಲ್ಲಿ ಸಾಪ ಅಂದರೆ ಹಾವು, ನಮ್ಮ ಓಣಿಯಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. "ಬೇಲ್ಯಾಗ ಸಾಪ ಐತಿ ಅಂತ ಸೊಸಿ ಬಾಯಾಗ ಯಾರೋ ಹೇಳಾಕತ್ತಾರ್ರೆವ್ವಾ!" ಎಂದು ಅಜ್ಜಿ ಓಣಿಯನ್ನೇ ಕೂಡಿಸಿದರು.

ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ಸಾಪ ಅಲ್ರಿ, ಸಾಪಗಿ. ಅದು ಬೂಟು!"

"ಹೌದೇನೋ ವಕೀಲಾ? ಮತ್ತ ಬೇಲಿ ಅಂದ್ರ ಅದ್ಯಾವ ಬೂಟು?"

ಚಿಕ್ಕೋಡಿಯ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದ ಮೇಲೆ ಓಣಿಯಲ್ಲಿ ನನಗೆ ಅದೇ ಹೆಸರು. ಬೇಲಿಯೆ ಎಂಬ ಶಬ್ದವನ್ನು ಕಾಕಾ ನಮಗ್ಯಾರಿಗೂ ಹೇಳಿರಲಿಲ್ಲ. ಕಾಕುವನ್ನೇ ಕೇಳಿದೆ.

"ನನಗೂ ತಿಳಿಯಂಗಿಲ್ಲೋ," ಎಂದರು. "ಅವರು ಅಂತಾರ, ನಾ ಅಂತೀನಿ."

'ಅಂದಿದ್ದರು' ಎನ್ನಲಿಲ್ಲ. 'ಅಂತಾರ' ಎಂದರು.

ಮರುದಿನ ನಡುಹಗಲಿನಲ್ಲಿ ಓಣಿಯವರು ಸೇರಿ ಕಾಕುವಿನ ಅಂಗಳದ ಕಳ್ಳಿ ಬೇಲಿ ಕಡಿದರು. ಹಾವಿರಲಿ, ಒಂದು ಓತಿಕ್ಯಾತವೂ ಹೊರಬೀಳಲಿಲ್ಲ. ನಾನು ಗೆದ್ದೆ ಅಂದುಕೊಂಡು ತಿರುಗಿ ನೋಡಿದರೆ, ಬಿಸಿಲಿಗಿಟ್ಟಿದ್ದ ಆ ಜೋಡಿನ ಮೇಲೆಲ್ಲ ಕಳ್ಳಿಹಾಲು ಸಿಡಿದಿತ್ತು. ಒರೆಸಲು ಹೋದವನ ಕೈಯನ್ನು ಕಾಕು ತಡೆದರು. ಹಾಲು ಹಾಗೆಯೇ ಒಣಗಿತು. ಕಂದು ಬಣ್ಣದ ಜೋಡು ಬೆಳ್ಳಗಾಯಿತು. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಹೊಸ್ತಿಲ ಒಳಗೆ, ತುದಿ ಮನೆಯ ಕಡೆ ಮಾಡಿ ಇಟ್ಟರು. ಹೊರಗಿನಿಂದ ಬಂದವರು ಕಾಲಿಗೆ ಹಾಕಿಕೊಂಡು ನೇರ ಒಳಗೆ ನಡೆಯುವ ಹಾಗೆ.

"ಬಂದ್ರು," ಎಂದರು.

ಅಂಗಳದಲ್ಲಿ ಆಗ ನಾವೇ ಇದ್ದದ್ದು, ಬೇರೆ ಯಾರೂ ಇರಲಿಲ್ಲ. ಆದರೂ ಅಜ್ಜಿ ಯಾರಿಗೋ ದಾರಿ ಬಿಡುವಂತೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು... ಖರೆ ಹೇಳಬೇಕೆಂದರೆ, ನಾನೂ ಸರಿದೆ. ಅಂದಿನಿಂದ ಕಾಕು ಆ ಹೆಸರುಗಳನ್ನು ಹೇಳುವುದನ್ನು ನಿಲ್ಲಿಸಿಬಿಟ್ಟರು.

ಕೆಲವು ವಾರಗಳಾದ ಮೇಲೆ ನಿಪ್ಪಾಣಿಯ ಜೊತೆಗಾರ ಒಬ್ಬರೇ ಬಂದರು. ಹೊಸ್ತಿಲಿಗೆ ಬಂದವರು ಆ ಜೋಡು ನೋಡಿ ಅಲ್ಲೇ ನಿಂತುಬಿಟ್ಟರು. ಮುಖ ಇಳಿದಿತ್ತು.

"ಇದನ್ನ ಯಾರು ಹೇಳಿದ್ರು ನಿಮಗ?"

ಕಾಕಾನ ಎದೆಯಲ್ಲಿ ಥಂಡಿ ಕೂತಿತ್ತಂತೆ. ಅದರಲ್ಲೇ ತೀರಿಕೊಂಡರಂತೆ, ಮಣ್ಣೂ ಅಲ್ಲೇ ಆಯಿತಂತೆ. ತೀರಿಹೋದವರ ಕಾಲಿಗೆ ಅಲ್ಲಿ ಬಿಳಿ ತಾಪಚ್ಕಿ ತೊಡಿಸುತ್ತಾರಂತೆ, ಕಾಕಾಗೂ ತೊಡಿಸಿದರಂತೆ. ಬೇಲಿಯೆ ಅಂದರೇನೆಂದು ನಾನು ಕೇಳಿದೆ. "ಬೇಲಿಯೆ ಅಂದ್ರ ಬಿಳೇದ್ರಿ. ನಾನೂ ಆ ಶಬ್ದ ಮೊದಲ ಕೇಳಿದ್ದು ಅವತ್ತ," ಎಂದು ಅವರು ಕಣ್ಣೊರೆಸಿಕೊಂಡರು. ಬೇಲಿ ಕಡಿದ ವಾರವೂ ಅದೇ ಎಂದು ಅಜ್ಜಿ ಆಮೇಲೆ ಲೆಕ್ಕ ಹಾಕಿದರು.

ನನ್ನ ವಾದ ಈಗಲೂ ಇದೆ. ಕಳ್ಳಿ ಕಡಿದರೆ ಹಾಲು ಸಿಡಿಯುತ್ತದೆ, ಅದರಲ್ಲಿ ಪವಾಡವಿಲ್ಲ. ಸಾವಿನ ಸುದ್ದಿ ಬಂದ ಮೇಲೆ ವಾರಕ್ಕೆ ವಾರ ಹೊಂದಿಸುವುದು ಯಾರಿಗೂ ಕಷ್ಟವಲ್ಲ. ಆ ಮಾತನ್ನು ಕಾಕಾ ಮೊದಲ ಸಲ ಬಂದಾಗಲೇ ಚೇಷ್ಟೆಗೆ ಹೆಂಡತಿಯ ಕಿವಿಯಲ್ಲಿ ಹೇಳಿರಬಹುದು, ಅರ್ಥ ಮಾತ್ರ ಮುಚ್ಚಿಟ್ಟಿರಬಹುದು. ಯಾವ ವೇದಿಕೆಯ ಮೇಲಾದರೂ ಇಷ್ಟು ಸಾಕು, ಚಪ್ಪಾಳೆ ಬೀಳುತ್ತದೆ. ಆದರೆ ಆ 'ಅಂತಾರ' ಒಂದಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಜವಾಬಿಲ್ಲ.

ಕಾಕು ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋದಾಗ ಹೊಸ್ತಿಲ ಒಳಗೆ ನೋಡಿದೆ, ಆ ಜೋಡು ಇರಲಿಲ್ಲ. ಎಲ್ಲಿ ಹೋಯಿತೆಂದು ಮನೆಯವರಿಗೂ ಗೊತ್ತಿಲ್ಲ. ನನ್ನ ಚಪ್ಪಲಿಯ ಮೇಲಿನ ಕಳ್ಳಿಹಾಲು ಈಗ ಪೂರ್ತಿ ಒಣಗಿದೆ. ಉಜ್ಜಿದರೂ ಹೋಗುತ್ತಿಲ್ಲ, ರಾತ್ರಿ ಹೊರಗೇ ಬಿಡುತ್ತಿದ್ದೇನೆ.

ಕಾಕು, ಇದ್ದಾಗ ಕೇಳಲು ಧೈರ್ಯ ಸಾಲಲಿಲ್ಲ. ಈಗ ಕೇಳುತ್ತೇನೆ. ಆ ಮಾತನ್ನ ಕಾಕಾ ನಿಮಗ ಯಾವಾಗ ಹೇಳಿದ್ರು... ಹೋಗೂಕಿಂತ ಮೊದಲೋ, ಹೋದ ಮ್ಯಾಲೋ?