ಲೈಬ್ರರಿ ಸೇರಿಸುವ ಮೊದಲೇ ಬರೆದ ಸಾಲು

ಕಂಪ್ಯೂಟರಿನಲ್ಲಿ ನಡೆಯುವ ಪ್ರತಿಯೊಂದಕ್ಕೂ ಕಾರಣ ಇದ್ದೇ ಇರುತ್ತದೆ ಎಂದು ನಂಬಿದವಳು ನಾನು. ದೆವ್ವ, ಭೂತ ಎಂದವರ ಮುಂದೆಯೇ ನಕ್ಕಿದ್ದೇನೆ. ಈಗ ನಂಬಿಕೆ ಬಂದಿದೆ ಎಂದೇನೂ ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಶ್ರೀರಾಮನಗರದ ಒಂದು ರೈಸ್ ಮಿಲ್ಲಿನಲ್ಲಿ ಕಂಡದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನಾನು ಗಂಗಾವತಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಮಿಲ್ಲಿನ ಮೋಟಾರುಗಳನ್ನು ಚಾಲು, ಬಂದ್ ಮಾಡುವ ಪ್ರೋಗ್ರಾಮ್ ನಮ್ಮದು. ಒಂದೇ ಕೋಡ್, ಮಿಲ್ಲಿನ ಆಫೀಸಿನ ಕಂಪ್ಯೂಟರಿನಲ್ಲೂ ಓಡಬೇಕು, ಮಾಲೀಕರ, ಆಪರೇಟರರ ಫೋನಿನಲ್ಲೂ ಓಡಬೇಕು. ಯಾರು, ಯಾವಾಗ, ಯಾವ ಗುಂಡಿ ಒತ್ತಿದರು ಎಂಬುದನ್ನು ಅದು ಎಲ್ಲೂ ಬರೆದಿಡುತ್ತಿರಲಿಲ್ಲ. ಅದಕ್ಕಾಗಿ ಒಂದು ಲಾಗಿಂಗ್ ಲೈಬ್ರರಿ, ಅಂದರೆ ನಡೆದದ್ದನ್ನೆಲ್ಲ ಹೊತ್ತಿನ ಸಮೇತ ದಾಖಲಿಸುವ ಸಿದ್ಧ ಕೋಡ್, ಸೇರಿಸೋಣ ಎಂದು ನಮ್ಮ ಸರ್‌ಗೆ ಎರಡು ಸಲ ಹೇಳಿದ್ದೆ.

"ಯಾರ್ ಓದ್ತಾರ ಅದನ್ನ? ಬಿಡವಾ," ಎಂದಿದ್ದರು.

ಒಂದು ದಿನ ಆ ಮಿಲ್ಲಿನ ಆಪರೇಟರ್ ಖಾಸೀಂಸಾಬರು, ಭತ್ತ ಮೇಲೇರಿಸುವ ಎಲಿವೇಟರನ್ನು ನಿಲ್ಲಿಸಿ, ಬೆಲ್ಟಿಗೆ ಸಿಕ್ಕಿದ್ದ ಚೀಲದ ದಾರ ಬಿಡಿಸುತ್ತಿದ್ದರು. ಅದು ತಟ್ಟನೆ ಚಾಲು ಆಯಿತು. ಬಲಗೈಯ ಎರಡು ಬೆರಳು ಹೋದವು. ಮಾಲೀಕರು, "ತನ್ನ ಫೋನಿನ್ಯಾಗ ತಾನ ಚಾಲು ಒತ್ತಿ ಕೈ ಹಾಕ್ಯಾನ," ಎಂದು ಅವರನ್ನು ಕೆಲಸದಿಂದ ತೆಗೆದೇಬಿಟ್ಟರು. ನಮ್ಮ ಸರ್ ಅದನ್ನೇ ಬರೆದುಕೊಡಲು ತಯಾರಾದರು. ಗಿರಾಕಿ ಕೈತಪ್ಪಬಾರದಲ್ಲ!

ಆಸ್ಪತ್ರೆಗೆ ಹೋದೆ. ಖಾಸೀಂಸಾಬರು ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದರು.

"ನನ್ನ ಫೋನ್ ಊಟದ ಚೀಲದಾಗ ಇತ್ರಿ ಮೇಡಂ. ಅಲ್ಲಾನ ಆಣಿ," ಎಂದರು. ಅವರ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಸಿಟ್ಟಿನಲ್ಲೇ, ಯಾರನ್ನೂ ಕೇಳದೆ ಲೈಬ್ರರಿ ಸೇರಿಸಿದೆ. ಇನ್ನೊಬ್ಬರಿಗೆ ಹೀಗಾಗಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅಪಘಾತವಾದ ಆರನೆಯ ದಿನ ಮಧ್ಯಾಹ್ನ ಮಿಲ್ಲಿಗೆ ಹೋಗಿ ಹೊಸ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕಿದೆ. ಲಾಗ್ ಫೈಲ್ ಆಗಷ್ಟೇ ಹುಟ್ಟಿತ್ತು. ಸರಿಯಾಗಿ ಬರೆಯುತ್ತಿದೆಯೇ ಎಂದು ತೆರೆದರೆ, ಮೊದಲ ಸಾಲಿನಲ್ಲೇ ಅಪಘಾತದ ದಿನದ ತಾರೀಖು. ಬೆಳಿಗ್ಗೆ ಹನ್ನೊಂದೂ ನಲವತ್ತು, ಖಾಸೀಂಸಾಬರ ಕೈ ಸಿಕ್ಕ ಹೊತ್ತೇ. ಎಲಿವೇಟರ್ ಚಾಲು, ಮಾಲೀಕರ ಫೋನಿನಿಂದ.

ಗಡಿಯಾರ ನೋಡಿದೆ, ಸರಿಯಿತ್ತು. ಹಳೆಯ ಪ್ರೋಗ್ರಾಮು ಒಂದಕ್ಷರವನ್ನೂ ಉಳಿಸಿರಲಿಲ್ಲ. ಎದುರಿಗೇ ಕೂತಿದ್ದ ಮಾಲೀಕರ ಫೋನು ಕೇಳಿ ಇಸಿದುಕೊಂಡು, ಅದಕ್ಕೂ ಹೊಸದನ್ನು ಹಾಕಿದೆ. ಅಲ್ಲಿಯೂ ಅದೇ ಸಾಲು. ಅದನ್ನು ಅವರ ಮುಂದೆ ಹಿಡಿದೆ.

ಅವರು ಸುಳ್ಳು ಎನ್ನಲಿಲ್ಲ. ಮುಖ ಬಿಳಿಚಿಕೊಂಡಿತು. "ಇದನ್ನ ನಿಮಗ ಯಾರ್ ಹೇಳಿದ್ರು?" ಎಂದರು.

ಮೈಮೇಲೆ ಮುಳ್ಳೆದ್ದವು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. "ಯಾರೂ ಹೇಳಿಲ್ರಿ! ಈಗ ನೀವ ಹೇಳ್ರಿ!" ಎಂದು ಚೀರಿಬಿಟ್ಟೆ. ಹಮಾಲರೆಲ್ಲ ಬಾಗಿಲಿಗೆ ಬಂದು ನಿಂತರು. ಕೊಪ್ಪಳಕ್ಕೆ ಹೋಗುವಾಗ ಕಾರಿನಲ್ಲಿ ಕೂತಲ್ಲೇ ಫೋನು ನೋಡಿ, ಎಲಿವೇಟರ್ ಯಾಕೆ ನಿಂತಿದೆ ಎಂದು ತಾವೇ ಗುಂಡಿ ಒತ್ತಿದ್ದಾಗಿ ಮಾಲೀಕರು ಎಲ್ಲರೆದುರು ಒಪ್ಪಿಕೊಂಡರು. ಖಾಸೀಂಸಾಬರನ್ನು ಮತ್ತೆ ಕೆಲಸಕ್ಕೆ ಕರೆಸಿದರು.

ನಮ್ಮ ಸರ್ ಮಾತ್ರ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಆ ಸಾಲು ನೀನ ಬರದೀದಿ ಹೌದಿಲ್ಲೋ? ಖರೇ ಹೇಳು," ಎಂದರು. ಆ ವಾರವೇ ಕೆಲಸ ಬಿಟ್ಟೆ.

ನಾನು ಬರೆದಿರಲಿಲ್ಲ. ಬರೆಯಲು ನನಗಾದರೂ ಗೊತ್ತೆಲ್ಲಿತ್ತು? ಅದೇ ಲೈಬ್ರರಿಯನ್ನು ಆಮೇಲೆ ಎಷ್ಟೋ ಕಂಪ್ಯೂಟರು, ಫೋನುಗಳಿಗೆ ಹಾಕಿ ನೋಡಿದ್ದೇನೆ. ಹಾಕುವ ಮೊದಲಿನದನ್ನು ಅದು ಮತ್ತೆಂದೂ ಬರೆಯಲಿಲ್ಲ.

ಖಾಸೀಂಸಾಬರಿಗೆ ಇದನ್ನೆಲ್ಲ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಾ ಮೊದಲ ದಿನಾನ ಹೇಳಿದ್ನೆಲ್ರಿ ಮೇಡಂ. ಮನಶ್ಯಾ ಹೇಳಿದ್ರ ಸಾಲಲಿಲ್ಲೇನು?" ಎಂದರು. ಆ ಸಾಲನ್ನು ಬರೆದವರು ಯಾರು ಎಂಬುದು ಇವತ್ತಿನವರೆಗೆ ನನಗೆ ಗೊತ್ತಾಗಿಲ್ಲ.