ನಮ್ಮ ಹಳ್ಳದ ಏಡಿಯ ತವರು

ನಾನು ಏಡಿಯ ಮೇಲೆ ಪಿಎಚ್.ಡಿ. ಮಾಡಿದವಳು. ಇದನ್ನು ಕೇಳಿದ ಕುಷ್ಟಗಿ ಕಡೆಯ ನೆಂಟರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅವ್ವನ ಮುಖ ನೋಡುತ್ತಾರೆ. "ಸಮುದ್ರದ ಏಡಿ ಏನ್ರಿ?" ಎನ್ನುತ್ತಾರೆ. ಅಲ್ಲ, ಗದ್ದೆಯದು, ಹಳ್ಳದ್ದು, ನಮ್ಮದೇ ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಜೋಳ, ತೊಗರಿ, ದಾಳಿಂಬೆ ಬೆಳೆಯುವ ಒಣ ಸೀಮೆಯಲ್ಲಿ ಏಡಿ ಎಲ್ಲಿಂದ ಬರಬೇಕು ಎಂದು ನಗುವವರನ್ನು ನಮ್ಮೂರ ಹಳ್ಳಕ್ಕೆ ಕರೆದೊಯ್ಯಲು ಈಗಲೂ ತಯಾರಿದ್ದೇನೆ.

ಓದಿದ್ದು ಕರಾವಳಿಯಲ್ಲಿ. ಅಲ್ಲಿ ಎಲ್ಲರೂ ಕಡಲೇಡಿಯ ಬೆನ್ನು ಹತ್ತಿದವರೇ. ಕಡಲೇಡಿಯ ಮರಿ ಮೊಟ್ಟೆಯೊಡೆದ ಮೇಲೆ ವಾರಗಟ್ಟಲೆ ನೀರಿನಲ್ಲಿ ತೇಲುತ್ತದೆ. ನೀರು ಒಯ್ದಲ್ಲಿಗೆ ಹೋಗಿ, ಅಲ್ಲಿಯವುಗಳೊಂದಿಗೆ ಕೂಡಿ ವಂಶ ಬೆಳೆಸುತ್ತದೆ. ಹೀಗೆ ಒಂದು ಊರಿನ ವಂಶವಾಹಿ ಇನ್ನೊಂದು ಊರಿನವುಗಳಲ್ಲಿ ಬೆರೆಯುವುದನ್ನು ನಾವು ಜೀನ್ ಹರಿವು ಎನ್ನುತ್ತೇವೆ. ನಮ್ಮ ಹಳ್ಳದ ಏಡಿಗೆ ಆ ಭಾಗ್ಯವಿಲ್ಲ. ಮೊಟ್ಟೆಯನ್ನೂ ಮರಿಯನ್ನೂ ತಾಯಿ ಹೊಟ್ಟೆಯಡಿಯ ಮಡಿಕೆಯಲ್ಲೇ ಹೊತ್ತು, ಕಾಲು ಗಟ್ಟಿಯಾದ ಮೇಲೆ ಅಲ್ಲೇ ಇಳಿಸುತ್ತದೆ. ಆದ್ದರಿಂದ ಹಳ್ಳಕ್ಕೊಂದು ಮನೆತನ ಇರಲೇಬೇಕು ಎಂಬುದು ನನ್ನ ವಾದ. ಅದನ್ನು ಸಾಧಿಸಲು ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಗದ್ದೆಯಲ್ಲಿ, ಶ್ರೀರಾಮನಗರದ ಕಾಲುವೆ ಬಯಲಿನಲ್ಲಿ, ಕುಷ್ಟಗಿ ಕಡೆಯ ನಮ್ಮೂರ ಹಳ್ಳದಲ್ಲಿ ಏಡಿ ಹಿಡಿದೆ. ಒಂದು ಕಾಲಿನ ತುದಿಯನ್ನಷ್ಟೇ ಡಬ್ಬಿಗೆ ಹಾಕಿಕೊಂಡು ಏಡಿಯನ್ನು ಮತ್ತೆ ನೀರಿಗೆ ಬಿಡುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ; ನನಗೆ ಕೆಸರಿನ ಜೊತೆ ಕಡಿತವೂ ಧಾರಾಳವಾಗಿ ಸಿಕ್ಕಿತು.

ನಮ್ಮೂರ ಹಳ್ಳವನ್ನು ಬೇಕೆಂದೇ ಆರಿಸಿದ್ದೆ. ಅಪ್ಪನ ಕಡೆಯವರು ಕುರಿ, ಕೋಳಿ ಬಿಡುವವರಲ್ಲ, ಆದರೆ ಏಡಿ ಮಾತ್ರ ಮುಟ್ಟರು. ಯಾರೂ ಹಿಡಿಯದ, ಯಾರೂ ತರದ ಊರು. ಹೊರಗಿನ ಏಡಿ ಬಂದು ಕೂಡುವ ದಾರಿಯೇ ಇಲ್ಲವೆಂದು ನಂಬಿದ್ದೆ.

ಫಲಿತಾಂಶ ಬಂದಾಗ ಗಡ್ಡೆಯದು ಬೇರೆ, ಶ್ರೀರಾಮನಗರದ್ದು ಬೇರೆ ಎಂಬುದು ಚೆಂದವಾಗಿ ತೋರಿತು. ನಮ್ಮೂರ ಹಳ್ಳದ್ದು ಮಾತ್ರ ಮಾನ ಕಳೆಯಿತು. ಅಲ್ಲಿನ ಎಷ್ಟೋ ಏಡಿಗಳು ಶ್ರೀರಾಮನಗರದವುಗಳ ಒಡಹುಟ್ಟಿನ ಹಾಗಿದ್ದವು.

"ಎಂತ ಇದು? ನಿಮ್ಮ ಡಬ್ಬಿಗಳು ಅದಲು ಬದಲಾಗಿವೆ," ಎಂದರು ಗೈಡ್ ಮೇಡಂ. "ಅಲ್ಲ ಮಾರಾಯ್ತಿ, ಗದ್ದೆಯ ಏಡಿ ಬಸ್ಸು ಹತ್ತಿ ನಿಮ್ಮ ಊರಿಗೆ ಬಂತಾ?"

ಲ್ಯಾಬಿನವರೆಲ್ಲ ನಕ್ಕರು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಡಬ್ಬಿ ಬದಲಾಗಿದ್ದರೆ ಇಡೀ ಕೆಲಸ ನೀರಲ್ಲಿ ಹೋಮ. ನನಗಿದ್ದ ಗಡುವು ಮುಗಿಯುತ್ತ ಬಂದಿತ್ತು, ಪದವಿಯೇ ಕೈತಪ್ಪುತ್ತಿತ್ತು. ಆದರೆ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ ಕೈ ನನ್ನದು, ಅದರ ಮೇಲೆ ನನಗೆ ಅನುಮಾನವಿರಲಿಲ್ಲ. ಮತ್ತೆ ಕೂತು ನೋಡಿದೆ. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಒಂದು ಗುರುತು ಇರುತ್ತದೆ. ಶ್ರೀರಾಮನಗರದಲ್ಲಿ ಅಂಥ ತಾಯಿ ಗುರುತುಗಳು ಹಲವು ಇದ್ದವು. ಡಬ್ಬಿ ಬದಲಾಗಿದ್ದರೆ ಅವೆಲ್ಲ ನಮ್ಮ ಹಳ್ಳದ ಲೆಕ್ಕದಲ್ಲೂ ಕಾಣಬೇಕಿತ್ತು. ಕಂಡದ್ದು ಒಂದೇ ಒಂದು. ಬಂದದ್ದು ಒಬ್ಬಳೇ ತಾಯಿ!

ಮೇಡಂ ಪರದೆಯ ಮೇಲಿನ ಸಾಲುಗಳನ್ನು ತಾವೇ ಒಂದೊಂದಾಗಿ ಎಣಿಸಿದರು. "ಸರಿ. ಆದರೆ ಆ ತಾಯಿ ಬಂದದ್ದು ಹೇಗೆ? ಅದನ್ನು ಹೇಳದೆ ನಾನು ಸಹಿ ಹಾಕುವುದಿಲ್ಲ," ಎಂದರು. ಮಾತು ನ್ಯಾಯವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಮುಖ ಊದಿಸಿಕೊಂಡು ಊರಿಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ತವರು ಶ್ರೀರಾಮನಗರದ ಮಗ್ಗುಲಿನ ಹಳ್ಳಿ. ನನ್ನ ಗೋಳನ್ನೆಲ್ಲ ಕೇಳಿ, ರೊಟ್ಟಿ ಹಂಚಿನ ಮೇಲೆ ಹಾಕಿ, ನಕ್ಕಳು.

"ಅದು ನನ್ನ ಏಡಿ ಇರಬೇಕು ತಗಿ."

"ನಿನ್ನ ಏಡಿ?"

"ನೀ ಹೊಟ್ಯಾಗಿದ್ದಿ. ಏಡಿ ಸಾರು ಉಣಬೇಕು ಅಂತ ಭಾಳ ಬಯಕಿ ಆಗಿತ್ತು ನನಗ. ಇಲ್ಲಿ ಬಾಯಿ ಬಿಟ್ರ 'ಹುಳ ತಿನ್ನೋ ಮಂದಿ' ಅಂತಿದ್ರು. ನಮ್ಮಪ್ಪಗ ಹೇಳಿ ಕಳಿಸಿದೆ. ಬುತ್ತಿ ತರೋ ಮುಂದ ಡಬ್ಬಿಯೊಳಗ ಹಸಿ ಅರಿವಿ ಹಾಸಿ, ಜೀವಂತ ಏಡಿ ತಂದಿದ್ದ, ಬಸ್ಸಿನ್ಯಾಗ."

"ಬಸ್ಸಿನ್ಯಾಗ?"

"ಮತ್ತ ನಡಕೋಂತ ಬರ್ತಿದ್ನೇನ?"

ಅವುಗಳಲ್ಲಿ ಒಂದು ಮರಿ ಹೊತ್ತಿತ್ತಂತೆ. ಬಸುರಿಯಾದವಳು ಮರಿ ಹೊತ್ತ ಜೀವವನ್ನು ಕುದಿಸಬಾರದು, ತನ್ನ ಕೈಯಾರೆ ನೀರಿಗೆ ಬಿಡಬೇಕು ಎಂಬುದು ಅವಳ ತವರಿನ ಪದ್ಧತಿ. ಅವ್ವ ಉಳಿದವುಗಳ ಸಾರು ಮಾಡಿ ಉಂಡಳು. ಇದಕ್ಕೆ ಮಾತ್ರ ಬೆನ್ನ ಮೇಲೆ ಚಿಟಿಕೆ ಕುಂಕುಮ ಇಟ್ಟು, ಬಟ್ಟೆ ಒಗೆಯುವ ಕಲ್ಲಿನ ಬಳಿ ಹಳ್ಳಕ್ಕೆ ಬಿಟ್ಟು ಬಂದಳು.

"ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದು ರೇಗಿದೆ.

"ನೀ ಯಾವಾಗ ಕೇಳಿದ್ದಿ? ಹಳ್ಳದಾಗ ಏಡಿ ಹಿಡಿತೀನಿ ಅಂದಿ. ನನ್ನ ತವರಿನ ಏಡಿ ಹುಡುಕ್ತೀನಿ ಅಂದಿದ್ಯೇನು?"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕಥೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹುಳ ತಿನ್ನೋ ಮಂದಿ ಎನಿಸಿಕೊಂಡು, ಆ ಮಾತು ನುಂಗಿಯೂ ತನ್ನ ಊರಿನ ರೀತಿಯನ್ನು ಬಿಡದ ಅವ್ವನ ಮೇಲೆ ಹೆಮ್ಮೆ ಬಂತು. ಕಣ್ಣು ತುಂಬಿದ್ದು ಒಲೆಯ ಹೊಗೆಗೆ ಎಂದು ಸುಳ್ಳು ಹೇಳಲಾರೆ.

ಹೆಮ್ಮೆಗೆ ಮೇಡಂ ಸಹಿ ಹಾಕುವುದಿಲ್ಲವಲ್ಲ! ಮಾರನೆಯ ದಿನ ಅವ್ವನೇ ಬಂದು ಕಲ್ಲು ತೋರಿಸಿದಳು. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹಿಡಿಯುತ್ತ ಹೋದೆ, ಪಕ್ಕದ ಊರಿನ ಹಳ್ಳದಲ್ಲೂ ಹಿಡಿದೆ. ಕಲ್ಲಿನ ಹತ್ತಿರ ಆ ತಾಯಿಯ ಗುರುತು ದಟ್ಟವಾಗಿತ್ತು, ದೂರ ಹೋದಂತೆ ತೆಳುವಾಯಿತು, ಪಕ್ಕದ ಹಳ್ಳದಲ್ಲಿ ಇರಲೇ ಇಲ್ಲ. ಮೇಡಂ ಎರಡು ಸಲ ಓದಿ ಸಹಿ ಹಾಕಿದರು.

ಕೊನೆಯ ಮೌಖಿಕ ಪರೀಕ್ಷೆಗೆ ಅವ್ವನನ್ನೂ ಕರೆದುಕೊಂಡು ಹೋದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, ನಾನು ಕಾದಿದ್ದ ಪ್ರಶ್ನೆಯನ್ನೇ ಕೇಳಿದರು: "ಅಷ್ಟು ದೂರದ ಒಣ ನೆಲ ದಾಟಿ ಈ ಒಂದು ಏಡಿ ಬಂದದ್ದಾದರೂ ಹೇಗೆ?"

"ಬಸ್ಸಿನಲ್ಲಿ ಬಂತು ಸರ್," ಎಂದೆ, ಮೇಡಂ ಕಡೆ ನೋಡುತ್ತ. "ತಂದವರು ನನ್ನ ಅಜ್ಜ. ನೀರಿಗೆ ಬಿಟ್ಟವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ."

ಎಲ್ಲರೂ ತಿರುಗಿದರು. ಅವ್ವ ಹೆದರಿ ಕೂತೇ ಇರುತ್ತಾಳೆ ಎಂದುಕೊಂಡಿದ್ದೆ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಹೌದ್ರಿ, ನಾನ ಬಿಟ್ಟೀನಿ. ಅವತ್ತ ಇಬ್ರೂ ಬಸುರಿ ಇದ್ವಿ. ಅದರ ಮಕ್ಕಳೂ ಛಲೋ ಬದುಕ್ಯಾವಂತ. ನನ್ನ ಮಗಳು ಇಲ್ಲೇ ಅದಾಳ, ನೋಡ್ರಿ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮೇಡಂ.